ಕಡಿದ ಮೇಲೆ ಎದ್ದ ಸುಳಿ

ದಾರಿ ಚೊಕ್ಕವಾಗಿತ್ತು. ಮದುವೆಯ ದಿಬ್ಬಣ ಬರಲಿದೆ ಎಂದು ಯಾರೋ ಗುಡಿಸಿ ಇಟ್ಟ ಹಾಗೆ ಚೊಕ್ಕವಾಗಿತ್ತು.

ಮುರಿದು ಬಾಗಿದ ಒಂದು ಜರೀಗಿಡ ಇಲ್ಲ. ಹರಿದು ಜೋತಾಡುವ ಒಂದು ಬಳ್ಳಿ ಇಲ್ಲ. ಹಳ್ಳದಿಂದ ಗಂಧಕದ ಕಣಿವೆಯವರೆಗೆ ಎರಡೂ ಬದಿ ನೀಟಾಗಿ ಸವರಿ, ಸವರಿದ ಸೊಪ್ಪನ್ನೆಲ್ಲ ಪ್ರಪಾತಕ್ಕೆ ಎಸೆದಿದ್ದರು. ಇನ್‌ಸ್ಪೆಕ್ಟರ್ ಜೊತೆ ವೈರ್‌ಲೆಸ್ಸಿನಲ್ಲಿ ಜಗಳವಾಡಿ ನಾನು ಬೆಟ್ಟ ಹತ್ತುವಷ್ಟರಲ್ಲಿ ಊರಿಗೆ ಊರೇ ಕೆಲಸ ಮುಗಿಸಿ ಇಳಿಯುತ್ತಿತ್ತು.

"ಹೇಗಿದೆ ಕಾರ್ಪೊರಲ್?" ಎಂದಳು ಮಾ ತಿತೀನ್, ಮಚ್ಚನ್ನು ಲಂಗಕ್ಕೆ ಒರೆಸಿಕೊಳ್ಳುತ್ತ. "ಬಿಷಪ್ಪರು ಬಂದ್ರೂ ಬೂಟಿಗೆ ಕೆಸರು ಮುಟ್ಟಲ್ಲ, ನೋಡು."

ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ನಿನ್ನೆ ಬೆಳಿಗ್ಗೆ ಈ ಮುದುಕಿಯ ಮಗ ನೆಸ್ಟರ್, ಇಂಗ್ಲೆಂಡಿನಿಂದ ಬಂದ ಕೊರಾಲೀ ಎಂಬ ಹುಡುಗಿಗೆ ಕುದಿಯುವ ಕೆರೆ ತೋರಿಸಲು ಇದೇ ದಾರಿಯಲ್ಲಿ ಹತ್ತಿದ್ದ. ಸಂಜೆ ಒಬ್ಬನೇ ಇಳಿದು ಬಂದ. ಈಗ ನನ್ನ ಠಾಣೆಯ ಸೆಲ್ಲಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ರಾಜಧಾನಿ ರೋಸೋದಿಂದ ಜೀಪು ಬರುತ್ತದೆ, ಕೊಲೆಗಾರ ಎಂದು ಒಯ್ಯುತ್ತದೆ. 'ಕೆರೆಗೆ ತಳ್ಳಿದ್ದಾನೆ, ಅದು ಇಸಿದುಕೊಂಡದ್ದನ್ನು ವಾಪಸು ಕೊಡುವ ಕೆರೆ ಅಲ್ಲ' ಎಂಬುದು ಇನ್‌ಸ್ಪೆಕ್ಟರರ ತೀರ್ಮಾನ.

"ದಾರಿ ಸವರಿ ಅಂತ ಯಾರು ಹೇಳಿದ್ದು, ಮಾ? ಹುಡುಗೀನ ಹುಡುಕಿ ಅಂತ ತಾನೆ ಹೇಳಿದ್ದು?"

"ಬೆಳಗಾಗೆದ್ದು ಶಂಖ ಊದಿದ್ರು, ಬಂದ್ವಿ. ಕೈಲಿ ಮಚ್ಚು, ಎದುರಿಗೆ ಪೊದೆ. ಸುಮ್ನೆ ನೋಡ್ತಾ ನಿಲ್ಲೋಕೆ ನಾವೇನು ಸರ್ಕಾರಿ ನೌಕರರಾ?"

ಹಿಂದಿದ್ದವರು ನಕ್ಕರು. ನಾನೂ ಬೇರೆ ದಿನವಾದರೆ ನಗುತ್ತಿದ್ದೆ.

ನಮ್ಮೂರು ಮೋನ್ ಗ್ರಾಪೆಯಲ್ಲಿ ಶಂಖ ಊದಿದರೆ ಅದು ಮುಯ್ಯಾಳಿನ ಕರೆ. ಮನೆ ಎತ್ತುವುದಿರಲಿ, ಶವ ಹೊರುವುದಿರಲಿ, ಕೇಳಿಸಿಕೊಂಡವರು ಮಚ್ಚು ಹಿಡಿದು ಬರಬೇಕು. ದೊಡ್ಡ ಚಂಡಮಾರುತ ಬೆಟ್ಟ ಬೋಳಿಸಿ ಹೋದ ಮೇಲೆ ಈ ದಾರಿಯನ್ನು ತುಂಡು ತುಂಡಾಗಿ ಮನೆಗಳಿಗೆ ಹಂಚಿದ್ದಾರೆ. ಅವರವರ ತುಂಡು ಅವರವರೇ ಸವರಬೇಕು. ಇನ್ನೊಬ್ಬರ ತುಂಡಿಗೆ ಕೈ ಹಾಕುವುದೂ ಒಂದೇ, ಇನ್ನೊಬ್ಬರ ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕುವುದೂ ಒಂದೇ.

"ಮಾ, ಆ ಹುಡುಗಿ ದಾರಿ ಬಿಟ್ಟು ಪಕ್ಕಕ್ಕೆ ಹೋಗಿದ್ರೆ, ಹೋದ ಕಡೆ ಗಿಡ ಮುರಿದಿರ್ತಿತ್ತು. ಕಣಿವೆಯ ಈಚೆಗೆ ಎಲ್ಲೇ ಆಗ್ಲಿ, ಆ ಮುರಿದ ಗಿಡ ಒಂದನ್ನ ತೋರ್ಸಿದ್ರೆ ಸಾಕಿತ್ತು. ಅವಳು ಕೆರೆಯಿಂದ ಜೀವಂತ ವಾಪಸ್ ಬಂದಿದ್ಳು ಅಂತ ಆಗ್ತಿತ್ತು. ನೆಸ್ಟರ್ ತಳ್ಳಿದ ಅನ್ನೋಕೆ ಯಾರಿಗೂ ಬಾಯಿರ್ತಿರಲಿಲ್ಲ."

ಮಾ ತಿತೀನ್ ತನ್ನ ಮಚ್ಚನ್ನು ನೋಡಿದಳು. ಆಮೇಲೆ ದಾರಿಯನ್ನು ನೋಡಿದಳು.

"ಮುರಿದಿದ್ದನ್ನೇ ನಾವು ಮೊದ್ಲು ಕಡಿಯೋದು," ಎಂದಳು ಮೆಲ್ಲಗೆ. "ನನ್ನ ತುಂಡಲ್ಲೂ ಮುರಿದಿದ್ವು. ಕಡಿದು ಎಸೆದೆ."

ಯಾರೂ ನಗಲಿಲ್ಲ.

"ನನ್ನ ಮಗನ್ನ ನಾನೇ ಕಡಿದೆನಾ, ಇಗ್ನಾಸ್?"

ನಾನು ಪೊಲೀಸಿಗೆ ಸೇರಿದ ಮೇಲೆ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನನ್ನ ಅಣ್ಣ ಗಸ್ಪಾರ್ ಮುಂದೆ ಬಂದು ಅವಳ ಭುಜ ಹಿಡಿದ. ಗಸ್ಪಾರ್ ಎಂದರೆ ಊರಿಗೆಲ್ಲ ಅಣ್ಣ. ಬೆಳಿಗ್ಗೆ ಶಂಖ ಊದಿದವನೂ ಅವನೇ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ಈ ಸಮವಸ್ತ್ರದ ಮೊದಲ ಗುಂಡಿ ಹಾಕಿಕೊಟ್ಟವನು.

"ಅಳ್ಬೇಡ ಮಾ. ನಾವು ಹತ್ತಿದ್ದು ಅವಳನ್ನ ಹುಡುಕೋಕೆ ತಾನೆ? ದೇವ್ರು ನೋಡಿರ್ತಾನೆ." ನನ್ನ ಕಡೆ ತಿರುಗಿ ಅಂಗಿಯ ಜೇಬಿನಿಂದ ಬ್ರೆಡ್ಡಿನ ಚೂರು ತೆಗೆದ. "ತಿಂದ್ಯಾ ತಮ್ಮಾ? ಮುಖ ನೋಡು, ಉಪ್ಪು ಹಚ್ಚಿದ ಮೀನಿನ ಹಾಗಾಗಿದೆ."

"ನಮ್ಮ ತುಂಡು?" ಎಂದೆ.

"ಎಲ್ಲರಿಗಿಂತ ಮೊದ್ಲು ಅದೇ ಮುಗಿದಿದ್ದು. ಇವತ್ತು ಬೆಳಿಗ್ಗೆ ನಾನೇ ಕೂತು ಸವರಿದೆ."

ಬ್ರೆಡ್ಡು ತಿಂದೆ. ರುಚಿ ಹತ್ತಲಿಲ್ಲ.

*

ನೆಸ್ಟರನ ಮುಂದೆ ಬೆಳಗಿನ ತಟ್ಟೆ ಹಾಗೇ ಇತ್ತು. ಕರಿದ ರೊಟ್ಟಿಯ ಮೇಲೆ ಇರುವೆ ಸಾಲು ಕಟ್ಟಿತ್ತು.

"ತಿನ್ನೋ," ಎಂದೆ ಕಂಬಿಯ ಈಚೆ ನಿಂತು.

"ಆಗ್ಲಿ, ಕಾರ್ಪೊರಲ್ ವಾಲ್ಮೋಂ."

ಇವನೂ ನಾನೂ ಪಾದ್ರಿಯ ಮಾವಿನ ಮರಕ್ಕೆ ಒಟ್ಟಿಗೆ ಹತ್ತಿ ಒಟ್ಟಿಗೆ ಒದೆ ತಿಂದವರು. ಆ 'ಕಾರ್ಪೊರಲ್ ವಾಲ್ಮೋಂ' ನನಗೆ ಬೆತ್ತಕ್ಕಿಂತ ಜೋರಾಗಿ ತಗುಲಿತು.

"ಮತ್ತೆ ಹೇಳು. ಇಳಿಯುವಾಗ ಏನಾಯ್ತು?"

"ಹೇಳಿದ್ನಲ್ಲ. ಕೆರೆ ನೋಡಿದ್ಳು. ಬಿಸಿ ಬುಗ್ಗೇಲಿ ಮೊಟ್ಟೆ ಬೇಯಿಸಿ ಕೊಟ್ಟೆ, ತಿಂದ್ಳು. ಇಳಿಯುವಾಗ ನಾನು ಮುಂದೆ, ಅವಳು ಹಿಂದೆ. ಮಂಜು ಬಂತು. ತಿರುಗಿ ನೋಡಿದ್ರೆ ಇಲ್ಲ."

"ಎಲ್ಲಿ?"

"ದಾರಿ ಮೇಲೆ."

"ದಾರಿ ಉದ್ದಕ್ಕಿದೆ ನೆಸ್ಟರ್. ಯಾವ ತುಂಡಲ್ಲಿ?"

ಅವನು ಇರುವೆಗಳನ್ನು ನೋಡುತ್ತ ಕುಳಿತ.

"ಹುಟ್ಟಿದಾಗಿಂದ ಆ ಬೆಟ್ಟ ಹತ್ತಿದವನು ನೀನು. ಕಣ್ಣು ಕಟ್ಟಿ ಬಿಟ್ರೂ ಇದು ಯಾರ ತುಂಡು ಅಂತ ಕಾಲಲ್ಲೇ ಹೇಳ್ತೀಯ. ನಿಂಗೊತ್ತಿಲ್ಲ ಅಂದ್ರೆ ರೋಸೋದವರು ನಂಬ್ತಾರೆ, ನಾನಲ್ಲ."

"ಹಾಗಾದ್ರೆ ರೋಸೋದವರಿಗೇ ಹೇಳ್ತೀನಿ ಬಿಡು."

"ನಿಮ್ಮಮ್ಮ ಬೆಟ್ಟದ ಮೇಲೆ ಕೂತು ಎದೆ ಬಡ್ಕೋತಾ ಇದ್ದಾಳೆ. ಗುರುತು ಇದ್ದ ಗಿಡ ನನ್ನ ತುಂಡಲ್ಲೇ ಇತ್ತು, ಕೈಯಾರೆ ಕಡಿದೆ ಅಂತ. ಅದನ್ನ ತಲೆ ಮೇಲೆ ಹೊತ್ಕೊಂಡು ಸಾಯ್ತಾಳೆ ಅವಳು. ಸಾಯ್ಲಾ?"

ನೆಸ್ಟರ್ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು.

"ಅಮ್ಮನ ತುಂಡಲ್ಲ."

"ಮತ್ತೆ?"

"ಆ ಹುಡುಗಿ ಪೊದೆ ಪಕ್ಕ ನಿಂತು, 'ನೀನು ನಡೀತಿರು, ಬಂದೆ' ಅಂದ್ಳು. ಹೆಂಗಸರು ಹಾಗಂದ್ರೆ ನಾವು ಏನು ಮಾಡ್ತೀವಿ? ಬೆನ್ನು ತಿರುಗಿಸಿ ಮುಂದೆ ಹೋಗಿ ಹಾಡ್ತೀವಿ. ಎಷ್ಟು ದೂರದಲ್ಲಿದ್ದೀನಿ, ನೋಡ್ತಾ ಇಲ್ಲ ಅಂತ ಗೊತ್ತಾಗ್ಲಿ ಅಂತ. ಹಾಡಿದೆ. ಹಾಡು ಮುಗೀತು. ಇನ್ನೊಂದು ಹಾಡಿದೆ. ಬರಲಿಲ್ಲ. ವಾಪಸ್ ಹೋದೆ. ಎಡಗಡೆ ಜರೀಗಿಡ ಮುರಿದು ಮಲಗಿತ್ತು, ಹಂದಿ ನುಗ್ಗಿದ ಹಾಗೆ. ಕೂಗಿದೆ. ಗಂಟಲು ಹರಿಯೋ ಹಾಗೆ ಕೂಗಿದೆ."

"ಯಾರ ತುಂಡು ಅದು?"

"ಕೆರೆ ನೋಡೋದು ಅವಳಿಗೆ ನೆಪ. ಬೆಟ್ಟ ಹತ್ತುವಾಗಿಂದ ಒಂದೇ ಪ್ರಶ್ನೆ, ತನ್ನ ಅಜ್ಜಿ ಜೋಯೇಲ್‌ಳ ತೋಟ ಎಲ್ಲಿ ಅಂತ. ನನಗೊತ್ತಿಲ್ಲ ಅಂದೆ. ಸುಳ್ಳು ಹೇಳಿದೆ. ನಿಮ್ಮ ಮನೆ ಮಾತು ನಾನ್ಯಾಕೆ ಆಡ್ಲಿ?"



ಮುದುಕಿ ಜೋಯೇಲ್ ಇಂಗ್ಲೆಂಡಿನ ಹಡಗು ಹತ್ತುವ ಮುಂಚೆ 'ನಾನು ಬರೋವರೆಗೆ ನೋಡ್ಕೋ' ಎಂದು ನಮ್ಮ ಅಪ್ಪನಿಗೆ ಬಾಯಿಮಾತಿನಲ್ಲಿ ಬಿಟ್ಟುಹೋದ ತೋಟ ಅದು. ಅವಳು ಬರಲಿಲ್ಲ. ಅಪ್ಪನ ನಂತರ ಗಸ್ಪಾರ್ ಅದನ್ನು ಬೆಳೆಸಿದ. ಆ ತೋಟದ ಕೆಸುವಿನ ಗೆಡ್ಡೆ ತಿಂದೇ ನಾನು ಇಷ್ಟುದ್ದ ಆದದ್ದು. ದಾರಿಯಿಂದ ಎಡಕ್ಕೆ ಮೇಲೆ ಹತ್ತಬೇಕು.

"ನಿಮ್ಮ ತುಂಡು, ಇಗ್ನಾಸ್," ಎಂದ ನೆಸ್ಟರ್. "ನಿಮ್ಮಪ್ಪ ಸುಣ್ಣ ಬಳಿದ ಕಲ್ಲಿದೆಯಲ್ಲ, ಅದರ ಪಕ್ಕ. ಹೇಗೆ ಹೇಳ್ಲಿ ನಾನು? ಹೇಳಿಕೆ ಬರ್ಕೊಳ್ಳೋನು ನೀನು. ನನಗೋಸ್ಕರ ಶಂಖ ಊದಿದೋನು ನಿಮ್ಮಣ್ಣ. ಬೆಳಿಗ್ಗೆ ನಮ್ಮಮ್ಮನಿಗೆ ಕೊಕೊ ಕಾಯಿಸಿ ತಂದು ಕುಡಿಸಿದೋನು ನಿಮ್ಮಣ್ಣ. ನಾನು ಅವನ ಮೇಲೆ ಕೈ ತೋರ್ಸಿದ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ."

"ಅವನನ್ನ ನೋಡಿದ್ಯಾ ಅಲ್ಲಿ?"

"ಇಲ್ಲ. ಮಂಜು. ಏನೂ ನೋಡಲಿಲ್ಲ. ಸತ್ಯವಾಗ್ಲೂ ಇಲ್ಲ."

ತಟ್ಟೆಯನ್ನು ಅವನು ಕಾಲಿನಿಂದ ನನ್ನ ಕಡೆ ಸರಿಸಿದ. "ಇರುವೆ ಬಂದಿದೆ. ತಗೊಂಡು ಹೋಗು."

*

ಮತ್ತೆ ಬೆಟ್ಟ ಹತ್ತಿದಾಗ ಬಿಸಿಲು ಎದುರು ಗುಡ್ಡದ ನೆತ್ತಿಗೆ ಸರಿದಿತ್ತು. ಮಾ ತಿತೀನ್ ಇನ್ನೂ ಅಲ್ಲೇ, ನಾನು ಕುಳಿತಿದ್ದ ಕಲ್ಲಿನ ಮೇಲೆ ಕುಳಿತಿದ್ದಳು.

"ನಿನ್ನ ತುಂಡಲ್ಲ ಮಾ," ಎಂದೆ. "ನೆಸ್ಟರ್ ಹೇಳಿದ. ನೀನು ಕಡಿದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ಯಾರದ್ದು ಹಾಗಾದ್ರೆ?"

ನಾನು ಮೇಲಕ್ಕೆ ನಡೆದೆ. ಬರಬೇಡ ಎಂದರೂ ಹಿಂದೆಯೇ ಬಂದಳು. ಬೆಟ್ಟದಲ್ಲಿ ಅವಳ ಕಾಲಿಗೆ ವಯಸ್ಸಾಗಿಲ್ಲ. ನನ್ನ ಏದುಸಿರು ಕೇಳಿ, "ರೋಸೋದಲ್ಲಿ ತರಬೇತಿ ಅಂದ್ರೆ ಇದೇನಾ, ಹಂದಿ ಹಾಗೆ ಉಸಿರು ಬಿಡೋದು?" ಎಂದಳು. ಮಗ ಸೆಲ್ಲಿನಲ್ಲಿದ್ದರೂ ನಾಲಿಗೆ ಸುಮ್ಮನಿರದು.

ಅಪ್ಪನ ಸುಣ್ಣದ ಕಲ್ಲು ಬಂತು. ಇಲ್ಲಿಂದ ನಮ್ಮ ತುಂಡು. ಇದೂ ಚೊಕ್ಕ. ಎಡಗಡೆ ಹಂದಿ ನುಗ್ಗಿದಂತಹ ಜಾಗ ಎಲ್ಲಿ ಎಂದು ಹುಡುಕಿದೆ. ಒಂದೇ ಮಟ್ಟಕ್ಕೆ ಸವರಿದ ಮೋಟುಗಳು. ಮಣ್ಣಿನ ಮೇಲೆ ಊರಿನವರೆಲ್ಲರ ಹೆಜ್ಜೆ, ನಾಯಿಯದೂ ಸೇರಿ.

ಏನೂ ಇರಲಿಲ್ಲ. ಹಿಂದಿರುಗಲು ತಿರುಗಿದೆ.

"ಇಗ್ನಾಸ್," ಎಂದಳು ಮಾ ತಿತೀನ್. "ಈ ಬಾಲಿಜೆ ನೋಡು."

ಬಾಲಿಜೆ ಎಂದರೆ ನಮ್ಮ ಬೆಟ್ಟದ ಕಾಡುಬಾಳೆ. ಹಣ್ಣು ಕೊಡದ ಬಾಳೆ. ಕೆಂಪು ಹೂವು, ಅದೇ ಎಲೆ, ಅದೇ ಬೊಡ್ಡೆ. ಬಾಳೆ ಕಡಿದವರಿಗೆ ಗೊತ್ತು, ಮಚ್ಚು ಬಿದ್ದ ಮೇಲೂ ಅದರ ಹಟ ಹೋಗದು. ಬೊಡ್ಡೆಯ ನಡುವಿನಿಂದ ಬಿಳಿ ಸುಳಿ ಮೆಲ್ಲಗೆ ಮೇಲೇಳುತ್ತದೆ.

ಸುಳಿ ಎದ್ದಿತ್ತು. ನನ್ನ ತೋರುಬೆರಳಿನಷ್ಟು ಉದ್ದ. ಪಕ್ಕದ ಬೊಡ್ಡೆಯಲ್ಲೂ ಅಷ್ಟೇ. ಅದರ ಪಕ್ಕದ್ದರಲ್ಲೂ. ಸುತ್ತಲಿನ ಕಡಿದ ಅಂಚು ಕಂದು ತಿರುಗಿತ್ತು.

ಓಡಿಹೋಗಿ ಕಲ್ಲಿನಾಚೆಯ ತುಂಡು ನೋಡಿದೆ. ಅಲ್ಲಿಯ ಬೊಡ್ಡೆಗಳಲ್ಲಿ ಸುಳಿ ಉಗುರಿನಷ್ಟೂ ಎದ್ದಿರಲಿಲ್ಲ. ಅಂಚು ಇನ್ನೂ ಹಸಿ, ನೀರು ಒಸರುತ್ತಿತ್ತು.

"ಇವು ಇವತ್ತು ಬೆಳಿಗ್ಗೆ ಕಡಿದಿದ್ದು," ಎಂದಳು ಮಾ ತಿತೀನ್. "ಅವು ನಿನ್ನೆದು."

ನಿನ್ನೆ. ನೆಸ್ಟರ್ ಇನ್ನೂ ಬೆಟ್ಟ ಇಳಿದಿರಲಿಲ್ಲ. ಹುಡುಗಿ ಕಾಣೆಯಾಗಿದ್ದಾಳೆ ಎಂದು ಊರಿಗೆ ಗೊತ್ತೇ ಇರಲಿಲ್ಲ. ಆಗಲೇ ಯಾರೋ ಕುಳಿತು ಈ ತುಂಡನ್ನು ಸವರಿದ್ದಾರೆ. ಇದೊಂದೇ ಚೊಕ್ಕವಾಗಿದ್ದರೆ ಕಣ್ಣಿಗೆ ಹೊಡೆಯುತ್ತದೆಂದು, ಬೆಳಗಾಗುತ್ತಲೇ ಶಂಖ ಊದಿ ಊರೆಲ್ಲರ ಕೈಯಿಂದ ಉಳಿದ ದಾರಿಯನ್ನೂ ಸವರಿಸಿದ್ದಾರೆ.

ನಮ್ಮ ತುಂಡು. ನಮ್ಮ ಹೊರತು ಬೇರೆ ಯಾರೂ ಮಚ್ಚು ಹಾಕುವುದಿಲ್ಲ.

ಸಾಕ್ಷಿ ಸಿಕ್ಕಿತ್ತು. ಆದರೆ ಎಂಥ ಸಾಕ್ಷಿ! ನಾಳೆ ಜೀಪು ಬರುವ ಹೊತ್ತಿಗೆ ಎಲ್ಲ ಬೊಡ್ಡೆಗಳಲ್ಲೂ ಸುಳಿ ಎದ್ದಿರುತ್ತದೆ, ಯಾವುದು ಹಳೆಯದು ಯಾವುದು ಹೊಸದು ಎಂದು ಅಳೆಯುವವರು ಯಾರು? ಠಾಣೆಗಿದ್ದ ಒಂದು ಕ್ಯಾಮೆರಾ ಈಸ್ಟರಿಗೆ ಮುಂಚೆ ರಿಪೇರಿಗೆಂದು ರೋಸೋಗೆ ಹೋದದ್ದು, ಅಲ್ಲೇ ಸಂಸಾರ ಹೂಡಿದೆ. ಈಗ ನೋಡಿದವರು ಇಬ್ಬರೇ. ಒಬ್ಬಳು ಆರೋಪಿಯ ತಾಯಿ. ಇನ್ನೊಬ್ಬ, ನಾನು.

"ನಿಮ್ಮಣ್ಣ," ಎಂದಳು ಮಾ ತಿತೀನ್.

"ನನ್ನ ಸುದ್ದಿ ಕೇಳಿಸ್ತಲ್ಲ?"

ಗಸ್ಪಾರ್ ಕೆಳಗಿನ ತಿರುವಿನಿಂದ ಹತ್ತಿ ಬರುತ್ತಿದ್ದ. ಒಂದು ಕೈಯಲ್ಲಿ ಮಚ್ಚು. ಇನ್ನೊಂದರಲ್ಲಿ ಕೆಸುವಿನ ಎಲೆ ಸುತ್ತಿದ ಏನೋ ಒಂದು. ನಮ್ಮನ್ನು ನೋಡಿ ಅವನ ಹೆಜ್ಜೆ ತಡವರಿಸಲಿಲ್ಲ.

"ಇನ್ನೂ ಇಲ್ಲೇ ಇದ್ದೀರಾ? ಮಂಜು ಇಳೀತಾ ಇದೆ. ತಮ್ಮಾ, ಮಾ ತಿತೀನ್‌ಳನ್ನ ಮನೆ ಮುಟ್ಟಿಸಬಾರದಾ?"

"ಅಣ್ಣಾ, ಈ ತುಂಡು ಯಾವಾಗ ಸವರಿದೆ?"

"ಹೇಳಿದ್ನಲ್ಲ. ಬೆಳಿಗ್ಗೆ."

"ಸುಳಿ ನೋಡು."

ಅವನು ನೋಡಿದ. ಬಹಳ ಹೊತ್ತು ನೋಡಿದ. ಬಾಳೆ ಕಡಿಯುವುದನ್ನು ನನಗೆ ಕಲಿಸಿದವನೇ ಅವನು. ಸುಳಿ ಎಂದರೆ ಏನೆಂದು ಅವನಿಗೆ ನಾನು ಹೇಳಬೇಕೇ?

ಆಮೇಲೆ ನಕ್ಕ. ಸಿಟ್ಟಿಲ್ಲ, ಕಳ್ಳತನವೂ ಇಲ್ಲ. ಪರೀಕ್ಷೆಯಲ್ಲಿ ಪಾಸಾದಾಗ ನನ್ನ ತಲೆ ಸವರಿ ನಗುತ್ತಿದ್ದನಲ್ಲ, ಅದೇ ನಗು.

"ಜಾಣ," ಎಂದ. ಮಚ್ಚು ಬೀಸಿದ. ಮೊದಲ ಸುಳಿ ಹಾರಿ ಬಿತ್ತು. ಎರಡನೆಯದು. ಮೂರನೆಯದು. ನೆಲಕ್ಕೆ ಬಗ್ಗಿ ಒಂದೊಂದೇ ಬೊಡ್ಡೆಯನ್ನು ಮತ್ತೆ ಕಡಿದು ಹಸಿ ಮಾಡುತ್ತ ಹೋದ. ನನ್ನ ಸೊಂಟದಲ್ಲಿ ಲಾಠಿ ಇತ್ತು. ಕೈ ಅದರ ಮೇಲೂ ಇತ್ತು. ಅಣ್ಣನ ಬೆನ್ನಿಗೆ ಹೊಡೆಯುವುದನ್ನು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ.

"ನಿಲ್ಸು," ಎಂದೆ. "ಅಣ್ಣಾ, ನಿಲ್ಸು."

ಕೊನೆಯ ಬೊಡ್ಡೆ ಮುಗಿಸಿ ಅವನು ಎದ್ದು ನಿಂತ. ಆಗ ಎಡಗೈಯಲ್ಲಿದ್ದ ಕೆಸುವಿನ ಎಲೆ ಸರಿಯಿತು. ಒಳಗೆ ಹಿಡಿಕೆಯ ಊಟದ ಡಬ್ಬಿ. ಮುಚ್ಚಳದ ಸಂದಿನಿಂದ ಆವಿ. ಕೆಸುವಿನ ಸೊಪ್ಪಿನ ಸಾರಿನ ವಾಸನೆ.

ಈ ದಾರಿಯಲ್ಲಿ ಇನ್ನು ಮೇಲೆ ಒಂದೂ ಮನೆಯಿಲ್ಲ.

"ಯಾರಿಗೆ ಅದು?" ಎಂದೆ.

ಮಾ ತಿತೀನ್ ನನ್ನ ತೋಳು ಹಿಡಿದಳು. ಅವಳಿಗೂ ಅರ್ಥವಾಗಿತ್ತು. "ಬದುಕಿದ್ದಾಳಾ?" ಎಂದಳು. "ಗಸ್ಪಾರ್, ಆ ಮಗು ಬದುಕಿದ್ಯಾ?"

"ಜಾರಿದ್ಳು. ನಾನು ತಳ್ಳಲಿಲ್ಲ. ಕಾಲು ಮುರಿದಿದೆ. ಅಷ್ಟೆ."

"ಎಲ್ಲಿ?" ಎಂದೆ. "ಅಣ್ಣಾ, ಎಲ್ಲಿದ್ದಾಳೆ? ಈಗ್ಲೇ ನಾಕು ಜನ ಕರ್ಕೊಂಡು ಹೋಗಿ ಇಳಿಸೋಣ. ಜಾರಿದ್ದು ಅಂತ ಅವಳೇ ಹೇಳ್ತಾಳೆ. ನೆಸ್ಟರ್ ಮನೆಗೆ ಹೋಗ್ತಾನೆ. ನಿನಗೂ ಏನಾಗಲ್ಲ."

"ಇನ್ನೂ ಮಾತು ಮುಗಿದಿಲ್ಲ ನಮ್ಮಿಬ್ರದು. ತೋಟದ ಮಾತು. ಅದು ಮುಗೀಲಿ."

"ಮಾತು ಮುಗಿಯೋದ್ರಲ್ಲಿ ನೆಸ್ಟರನ್ನ ಜೀಪು ಒಯ್ಯುತ್ತೆ!"

"ಒಯ್ಯಲಿ. ಹೋದವರು ವಾಪಸ್ ಬರಲ್ವಾ?"

ಬೇಡಿ ತೆಗೆದೆ. ಗಸ್ಪಾರ್ ಮಚ್ಚನ್ನು ನೆಲಕ್ಕೆ ಹಾಕಿ, ಖಾಲಿಯಾದ ಕೈಯನ್ನು ತಾನಾಗೇ ಚಾಚಿದ. ಚಿಕ್ಕಂದಿನಲ್ಲಿ ನನಗೆ ಹಳ್ಳ ದಾಟಿಸುವಾಗ ಚಾಚುತ್ತಿದ್ದ ಹಾಗೆ.

"ಹಾಕು, ತಮ್ಮಾ. ನಾನು ಬಾಯಿ ಬಿಡಲ್ಲ, ನಿಂಗೊತ್ತು. ಅಪ್ಪನ ಬೆಲ್ಟಿನೇಟಿಗೇ ಬಾಯಿ ಬಿಟ್ಟವನಲ್ಲ. ತೋಟದಲ್ಲಿಲ್ಲ ಅವಳು, ಈ ಕಾಡಲ್ಲಿ ಎಲ್ಲಿ ಅಂತ ಹುಡುಕ್ತೀಯಾ? ಇಡೀ ಊರು ಹುಡುಕಿ ಬಂತಲ್ಲ. ನಾನು ಕೆಳಗಿಳಿದ್ರೆ ಈ ಸಾರು ಮೇಲೆ ಹೋಗಲ್ಲ. ಹಿಂದೆ ಬಂದ್ರೆ ಇಲ್ಲೇ ಚೆಲ್ತೀನಿ. ನಿನ್ನೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿಲ್ಲ."

ಡಬ್ಬಿಯನ್ನು ಓರೆ ಮಾಡಿದ. ಒಂದು ಗೆರೆ ಹಸಿರು ಸಾರು ಕಡಿದ ಬಾಲಿಜೆಯ ಮೇಲೆ ಸುರಿಯಿತು. ಆವಿ ಎದ್ದಿತು.

"ಚೆಲ್ಲಬೇಡ!"

ಕೂಗಿದ್ದು ಮಾ ತಿತೀನ್. ದಾರಿಯ ನಡುವೆ ನಿಂತಿದ್ದವಳು ಅವಳು, ಮಚ್ಚು ಹಿಡಿದು. ಅವಳನ್ನು ದಾಟದೆ ಅವನು ಮೇಲೆ ಹೋಗುವಂತಿರಲಿಲ್ಲ. ಅವಳು ಅಲ್ಲಾಡದೆ ನಿಂತರೆ ಮಗ ಉಳಿದಾನು, ಯಾರೋ ಹೆತ್ತ ಹುಡುಗಿ ಈ ರಾತ್ರಿ ದಾಟುವಳೋ ಇಲ್ಲವೋ.

ಅವಳು ಅವನ ಮುಖ ನೋಡಿದಳು. ಡಬ್ಬಿ ನೋಡಿದಳು. ಆಮೇಲೆ ಬೆನ್ನನ್ನು ಗುಡ್ಡಕ್ಕೆ ಒತ್ತಿ ದಾರಿ ಬಿಟ್ಟಳು.

"ಬಿಸಿ ಇರುವಾಗ್ಲೇ ಕೊಡು," ಎಂದಳು.

ಗಸ್ಪಾರ್ ಮಚ್ಚು ಎತ್ತಿಕೊಂಡು ಅವಳನ್ನು ಸವರಿಕೊಂಡೇ ಹತ್ತಿ ಹೋದ. ಮಂಜು ಅವನ ಕಾಲನ್ನು ಮೊದಲು ನುಂಗಿತು, ಆಮೇಲೆ ಬೆನ್ನನ್ನು. ಊರವರು ಸೇರಿ ಸವರಿಕೊಟ್ಟ ದಾರಿಯಲ್ಲವೇ, ಅವನ ಹೆಜ್ಜೆಗೆ ಒಂದು ಎಲೆಯೂ ಅಲುಗಲಿಲ್ಲ. ಎಡಕ್ಕೆ ಹೋದನೋ ಬಲಕ್ಕೋ, ಕಿವಿಗೊಟ್ಟರೂ ತಿಳಿಯಲಿಲ್ಲ.

ಬೇಡಿ ನನ್ನ ಕೈಯಲ್ಲೇ ಇತ್ತು.

ಮಾ ತಿತೀನ್ ಮಚ್ಚನ್ನು ನನ್ನ ಕಾಲ ಬಳಿ ಇಟ್ಟಳು.

"ನಾನು ದಾರಿ ಬಿಟ್ಟೆ," ಎಂದಳು. "ಅದನ್ನ ನೆಸ್ಟರನಿಗೆ ನಾನೇ ಹೇಳ್ತೀನಿ. ಜೀಪು ಬಂದಾಗ ನೀನೇನು ಹೇಳ್ತೀಯ, ಕಾರ್ಪೊರಲ್?"